ಸಾಹೇಬರ ಕಥೆಗೆ ನಾನು ಉಹುಂ ಎಂದದ್ದು

ಮೊಮ್ಮಕ್ಕಳೇ, ಅಮರೇಶ, ಶಶಿಕಲಾ, ಕೇಳಿರಿ. ನಾನು ಶಾಲೆಗೆ ಹೋದದ್ದು ನಾಲ್ಕೇ ವರ್ಷ. ಆಗ ನಮ್ಮ ಸೀಮೆ ಇನ್ನೂ ನಿಜಾಮರ ಕೈಯಲ್ಲಿತ್ತು. ಮಸ್ಕಿಗೆ ಎರಡು ಹರದಾರಿ ದೂರದ ನಮ್ಮೂರಿನಲ್ಲಿ, ಮಠದ ಪಡಸಾಲೆಯಲ್ಲಿ, ವೀರಯ್ಯ ಮಾಸ್ತರರು ಕನ್ನಡದ ಖಾಸಗಿ ಶಾಲೆ ನಡೆಸುತ್ತಿದ್ದರು. ಅದಕ್ಕೆ ಸರ್ಕಾರದ ಪರವಾನಗಿ ಬೇಕಿತ್ತು. ಲಿಂಗಸುಗೂರಿನಿಂದ ತನಿಖೆಗೆ ಬರುವ ಸಾಹೇಬರು ಒಪ್ಪದಿದ್ದರೆ ಶಾಲೆ ಮುಚ್ಚಬೇಕು. ಇದು ನನಗೆ ಹನ್ನೊಂದು ವರ್ಷವಾಗಿದ್ದಾಗ ನಡೆದದ್ದು.

ನಮ್ಮ ಕಡೆ ಯಾರಾದರೂ ಕಥೆ ಹೇಳಿದರೆ ಕೇಳುವವರು ಹೂಂ ಹೂಂ ಎನ್ನಬೇಕು. ಇಲ್ಲದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಮಾಸ್ತರರು ಈ ರೂಢಿಯನ್ನೇ ಪಾಠಕ್ಕೆ ಹಚ್ಚಿದ್ದರು.

“ಎತ್ತಿನಂಗ ಗೋಣು ಆಡಿಸಬ್ಯಾಡ್ರಿ. ಒಪ್ಪಿದ ಕಡೆ ಹೂಂ ಅನ್ರಿ, ಒಪ್ಪದ ಕಡೆ ಉಹುಂ ಅನ್ರಿ. ಆದ್ರ ಯಾಕಂತ ಕತ್ಯಾಗ ತೋರಿಸಬೇಕು,” ಎನ್ನುತ್ತಿದ್ದರು.

ಕಾರಣ ಕೊಡದವರು ಇಡೀ ಕಥೆಯನ್ನು ಮತ್ತೆ ಗಟ್ಟಿಯಾಗಿ ಓದಬೇಕಿತ್ತು. ನಾನು ಕಂಬದ ಹಿಂದೆ ಕುಳಿತು, ಒಪ್ಪದಿದ್ದರೂ ಹೂಂ ಎನ್ನುತ್ತಿದ್ದೆ.

ಸಾಹೇಬರು ಬರುವ ದಿನ ಮಾಸ್ತರರು ಮುಂಜಾನೆಯೇ ಹೇಳಿದರು: “ಇವತ್ತೊಂದಿನ ಎಲ್ಲಾರೂ ಹೂಂ ಅನ್ರಪಾ. ಸಾಲಿ ಉಳೀಲಿ.”

ಸಾಹೇಬರು ಕನ್ನಡ ಬಲ್ಲವರು. ಕೋಟಿನ ಕಿಸೆಯಿಂದ ಮಡಚಿದ ಕಾಗದ ತೆಗೆದು ಒಂದು ಕಥೆ ಓದಿದರು. ರಾಜನ ಕುದುರೆ ಕಳೆಯುತ್ತದೆ. ಕುರಿ ಕಾಯುವವನೊಬ್ಬ ಮೂರು ದಿನ ಅಡವಿ ಅಲೆದು ಹುಡುಕಿ ತರುತ್ತಾನೆ. ಬಹುಮಾನ ಬೇಡವೆಂದು ನಗುತ್ತಾ ಮನೆಗೆ ಹೋಗುತ್ತಾನೆ. ಎಲ್ಲರೂ ಹೂಂ ಎಂದರು. ನನ್ನ ಬಾಯಿಂದ ಉಹುಂ ಬಂತು. ನಮ್ಮ ಮನೆಯಲ್ಲಿ ಕುರಿಗಳಿದ್ದವು, ಅದಕ್ಕೇ ಇರಬೇಕು.

ಪಕ್ಕದಲ್ಲಿ ಕುಳಿತಿದ್ದ ಗೌರಿ ನನ್ನನ್ನು ಕಂಬದಿಂದ ಆಚೆ ನೂಕಿದಳು.

“ಯಾಕ ಬೇಟಿ, ಏನು ಸರಿ ಅನಸಲಿಲ್ಲ?” ಎಂದರು ಸಾಹೇಬರು.

“ಮೂರು ದಿನ ಅವನ ಕುರಿ ಯಾರು ಕಾದ್ರು ರೀ?”

“ಹೆಣ್ತಿ ಕಾದಿರಬೇಕು.”

“ಕತ್ಯಾಗ ಹೆಣ್ತಿ ಇಲ್ರೀ.”

“ತೋಳ ಕಾದಿರಬೇಕ್ರೀ!” ಎಂದು ಹಿಂದಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ.

“ಇದು ನಾನ ಬರದ ಕತಿ,” ಎಂದು ಅವರು ಮಾಸ್ತರರ ಕಡೆ ತಿರುಗಿದರು. “ಹಿಂಗ ಕೇಳೂದು ಯಾರು ಕಲಿಸಿದ್ರು?”

“ನಾನ ರೀ. ತಪ್ಪಾಗಿದ್ರ ನನ್ನದು, ಹುಡುಗೀದಲ್ಲ,” ಎಂದರು ಮಾಸ್ತರರು.

ಸಾಹೇಬರು ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಟಾಂಗಾ ಹತ್ತಿದರು.

ಒಂದು ತಿಂಗಳು ಯಾವ ಸುದ್ದಿಯೂ ಇಲ್ಲ. “ನಿನ್ನ ಬಾಯಿಗೆ ಊರ ಸಾಲಿ ಹೋತು ನೋಡು,” ಎಂದು ನಮ್ಮಪ್ಪ ದಿನವೂ ಅನ್ನುತ್ತಿದ್ದ. ಮಾಸ್ತರರು ಮಾತ್ರ ಎಂದಿನಂತೆ ಪಾಠ ಹೇಳಿದರು. ನನ್ನನ್ನು ಒಮ್ಮೆಯೂ ಬೈಯಲಿಲ್ಲ.

ಕೊನೆಗೆ ಒಂದು ವರ್ಷದ ಪರವಾನಗಿ ಬಂತು. ಜೊತೆಗೆ ಅದೇ ಕಥೆ, ತಿದ್ದಿ ಬರೆದದ್ದು. ಅದರಲ್ಲಿ ಕುರಿ ಕಾಯುವವನು ಮನೆಗೆ ಬಂದು ನೋಡಿದರೆ ಎರಡು ಕುರಿ ಇರಲಿಲ್ಲ. ತಿರುಗಿ ಹೋಗಿ ಅವುಗಳ ಬದಲಿಗೆ ಎರಡು ಕುರಿ ರಾಜನಿಂದ ಕೇಳಿ ಪಡೆದಿದ್ದ. ಮಾಸ್ತರರು ನನ್ನ ಕೈಗೆ ಕಾಗದ ಕೊಟ್ಟು, “ಓದವ್ವಾ,” ಎಂದರು. ನಾಚಿಕೆಯಾಗಿ ನಾನು ಅದನ್ನು ಗೌರಿಯ ಕೈಗಿಟ್ಟೆ. ಅವಳು ಓದಿದಳು.

ಮರುವರ್ಷ ಮದುವೆಯಾಗಿ ಸಿಂಧನೂರಿಗೆ ಬಂದೆ. ಮಾಸ್ತರರನ್ನು ಮತ್ತೆ ನೋಡಲಿಲ್ಲ. ಮಾತು ಆಡಿದವಳು ನಾನು, ಅದರ ಭಾರ ಹೊತ್ತವರು ಅವರು. ಅವರಿಗೆ ಅದನ್ನು ಹೇಳಲೇ ಇಲ್ಲ. ನಿಮ್ಮ ಮುತ್ಯಾ, ನಮ್ಮ ಯಜಮಾನರು, ಬದುಕಿದ್ದಾಗ ಅವರ ಮುಂದೆಯೂ ಹೇಳಿರಲಿಲ್ಲ. ಈಗ ಇಲ್ಲಿ ಬರೆದಿದ್ದೇನೆ. ಈ ಹಾಳೆಗಳನ್ನು ಇಲಿ, ಗೆದ್ದಲು ಮುಟ್ಟದ ಕಡೆ ಇಡಿರಿ.