ಸ್ಟೇರಿಂಗ್ ಗೇರೋ, ಕೆಳಗಿನ ಗೇರೋ

ಕಾರಿನ ಮುಂದಿನ ಸೀಟು ಎಂದರೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದನೆಯ ಬೆಂಚು ಎಂದಿದ್ದ ದಿನಗಳವು. ಹಳದೀಪುರದಲ್ಲಿ ಅಪ್ಪನದೊಂದು ಬಾಡಿಗೆ ಕಾರಿತ್ತು, ವಯಸ್ಸಿನಲ್ಲಿ ನನಗಿಂತ ಎಷ್ಟೋ ಹಿರಿಯದು. ಅದರ ಗೇರಿನ ಕೋಲು ಈಗಿನಂತೆ ಕೆಳಗಿರಲಿಲ್ಲ, ಸ್ಟೇರಿಂಗಿನ ಬುಡಕ್ಕೇ ಅಂಟಿಕೊಂಡಿತ್ತು. ಹಾಗಾಗಿ ಮುಂದುಗಡೆ ಕಾಲು ಚಾಚಲು ಬೇಕಾದಷ್ಟು ಜಾಗ. ಬಲಕ್ಕೆ ಅಪ್ಪ, ಎಡಬಾಗಿಲ ಬದಿಗೆ ಒಬ್ಬ ಗಿರಾಕಿ, ನಡುವೆ ನಾನು. ಐದನೇ ಇಯತ್ತೆ ಮುಗಿದ ಆ ಬೇಸಿಗೆ ರಜೆಯನ್ನು ನಾನು ಕಳೆದದ್ದೇ ಅಲ್ಲಿ.

ಬಿಸಿಲಿಗೆ ಕಾದ ರೆಕ್ಸಿನ್, ಪೆಟ್ರೋಲು, ದೇವರ ಫೋಟೊದ ಮೇಲೆ ಬಾಡಿದ ಮಲ್ಲಿಗೆ, ಮೂರೂ ಸೇರಿದ ಆ ವಾಸನೆ ಬೇರೆಲ್ಲೂ ಸಿಕ್ಕಿಲ್ಲ. ಹೊನ್ನಾವರದಲ್ಲಿ ನಿಂತರೆ ಅಪ್ಪ ನನಗೆ ಬಿಸಿ ಬನ್ಸ್ ಕೊಡಿಸುತ್ತಿದ್ದ. ಅಪ್ಪ ಮನೆಯಲ್ಲಿ ಮಹಾ ಮೌನಿ. ಕಾರಿನಲ್ಲಿ ಮಾತ್ರ, ಗಿರಾಕಿಗೆ ಕೇಳದಂತೆ ನನ್ನ ಕಡೆ ತಲೆ ಬಗ್ಗಿಸಿ ಏನೇನೋ ಹೇಳುತ್ತಿದ್ದ. ತಾನು ಶಾಲೆ ಬಿಟ್ಟದ್ದು ಯಾಕೆ, ನನ್ನಮ್ಮನನ್ನು, ಅಂದರೆ ಆಯಿಯನ್ನು, ಹೆಣ್ಣು ನೋಡಲು ಹೋದ ದಿನ ಚಾದ ಕಪ್ಪನ್ನು ಮಾವನ ಪಂಚೆಯ ಮೇಲೆ ಕೆಡವಿದ್ದು, ಹೀಗೆ. ಗಣಿತದ ಪರೀಕ್ಷೆಯಲ್ಲಿ ಪಕ್ಕದವಳದ್ದು ನೋಡಿ ಬರೆದದ್ದನ್ನು ನಾನೂ ಅವನೊಬ್ಬನಿಗೇ ಹೇಳಿದ್ದೆ.

ಆ ಮೇ ತಿಂಗಳಲ್ಲಿ ಗೇರು ಹಟ ಹಿಡಿಯತೊಡಗಿತು. ಕೋಲಿನಿಂದ ಗೇರ್‌ಬಾಕ್ಸಿಗೆ ಹೋಗುವ ಸಲಾಕೆಗಳು ಸವೆದಿದ್ದವು. ಒಂದರಿಂದ ಎರಡಕ್ಕೆ ಹಾಕುವಾಗ ಸಿಕ್ಕಿಕೊಂಡರೆ, ಅಪ್ಪ ಇಳಿದು ಬಾನೆಟ್ ಎತ್ತಿ ಸಲಾಕೆಯನ್ನು ಕೈಯಿಂದ ಜಗ್ಗಿ ಬಿಡಿಸಬೇಕು. ನಾವು ಭಟ್ಕಳಕ್ಕೆ, ಇಸ್ಮಾಯಿಲ್ ಮೇಸ್ತ್ರಿಯ ಗ್ಯಾರೇಜಿಗೆ ಹೋದೆವು. ಅವರು ಅಪ್ಪನ ಇಪ್ಪತ್ತು ವರ್ಷದ ಗೆಳೆಯ.

"ಮಂಜಣ್ಣ, ಎರಡು ದಾರಿ ಉಂಟು," ಎಂದರು ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತ. "ಸ್ಟೇರಿಂಗ್ ಗೇರನ್ನೇ ರಿಪೇರಿ ಮಾಡಿ ಕೊಡ್ತೇನೆ, ಮಳೆಗಾಲ ಮುಗಿಯೂದ್ರೊಳಗೆ ಮತ್ತೆ ಬರ್ತೀರಿ. ಇಲ್ಲಾ ಅಂದ್ರೆ ಗೇರ್‌ಬಾಕ್ಸೇ ಬದ್ಲು ಮಾಡುವ. ಐದು ಗೇರಿಂದು. ಕೋಲು ಕೆಳಗೆ ಬರ್ತದೆ. ನಿಮ್ಗೆ ಜೀವನಪರ್ಯಂತ ತಾಪತ್ರಯ ಇಲ್ಲ."

"ಮತ್ತೆ ಮುಂದಿನ ಸೀಟು?"

"ಮುಂದೆ ಇಬ್ರೇ. ನಡುವೆ ಕೋಲು ಬಂತಲ್ಲ."

ಆ ನಡುವಿನ ಜಾಗ ನನ್ನದು. ಅಪ್ಪ ಬಹಳ ಹೊತ್ತು ಗಲ್ಲ ಕೆರೆದುಕೊಂಡ. ಮದುವೆ ಬಾಡಿಗೆಯಲ್ಲಿ ಒಂದು ಜನ ಕಡಿಮೆಯಾಗುತ್ತದೆ, ಆದರೆ ದಾರಿಯಲ್ಲಿ ನಿಲ್ಲುವುದು ತಪ್ಪುತ್ತದೆ. ಕಡೆಗೆ, "ಕೆಳಗಿಂದೇ ಆಗ್ಲಿ. ಒಳ್ಳೇದು ಸಿಕ್ಕಿದ್ರೆ ತಿಳ್ಸು," ಎಂದ. ನನ್ನನ್ನು ಯಾರೂ ಕೇಳಲಿಲ್ಲ.

ಎಂಟು ದಿನದ ಮೇಲೆ ಪಕ್ಕದ ಕಿರಾಣಿ ಅಂಗಡಿಯ ಕಾಮತ ಮಾಮ ಕೂಗಿದರು. ಊರಿನವರಿಗೆಲ್ಲ ಅವರ ಅಂಗಡಿಯ ಫೋನೇ ಗತಿ. ಅಪ್ಪ ಬಾಡಿಗೆಗೆ ಹೋಗಿದ್ದ, ನಾನು ಓಡಿದೆ. ಮೇಸ್ತ್ರಿಯ ದನಿ. "ಮಗಳೇ, ಅಪ್ಪಂಗೆ ಹೇಳು, ಗೇರ್‌ಬಾಕ್ಸ್ ಬಂದದೆ. ಕುಂದಾಪುರದವರೂ ಕೇಳ್ತಾ ಇದ್ದಾರೆ. ಸಂಜೆಯೊಳಗೆ ಹೂಂ ಅನ್ಬೇಕು."

"ಆತು, ಹೇಳ್ತೆ," ಎಂದೆ.

ಹೇಳಲಿಲ್ಲ. ಮಧ್ಯಾಹ್ನ ಅಪ್ಪ ಊಟಕ್ಕೆ ಬಂದ, ಬಂಗಡೆ ಸಾರಿನಲ್ಲಿ ಎರಡನೇ ಸಲ ಅನ್ನ ಕಲಸಿದ, ಎದ್ದು ಹೋದ.

ಆ ಗೇರ್‌ಬಾಕ್ಸ್ ಕುಂದಾಪುರಕ್ಕೆ ಹೋದ ಸುದ್ದಿ ಇನ್ನೊಬ್ಬ ಡ್ರೈವರನ ಬಾಯಿಂದ ಅಪ್ಪನಿಗೆ ತಲುಪಿತು. "ಇಪ್ಪತ್ತು ವರ್ಷದ ಪರಿಚಯ. ಒಂದು ಮಾತು ಹೇಳೂಕೆ ಆಗ್ಲಿಲ್ಲ ಅವಂಗೆ," ಎಂದು ಆಯಿಯ ಹತ್ತಿರ ಹೇಳಿದ. ಮತ್ತೆ ಭಟ್ಕಳದ ಹೆಸರೆತ್ತಲಿಲ್ಲ. ನನಗೆ ಜಾಗ ಉಳಿಯಿತೆಂಬ ಖುಷಿ ಒಂದು ದಿನವೂ ನಿಲ್ಲಲಿಲ್ಲ.

ಜೂನಿನ ಮೊದಲ ಮಳೆ. ಆ ವರ್ಷದ ಕೊನೆಯ ಮದುವೆ ಬಾಡಿಗೆ, ಹಳದೀಪುರದಿಂದ ಮಾವಳ್ಳಿಗೆ. ಹಿಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗ, ಮುಂದೆ ನನ್ನ ಪಕ್ಕದಲ್ಲಿ ಅವನ ಸೋದರಮಾವ. ಶರಾವತಿ ಸೇತುವೆಯ ನಟ್ಟನಡುವೆ ಗೇರು ಸಿಕ್ಕಿಕೊಂಡಿತು. ಹಿಂದೆ ಲಾರಿಗಳ ಸಾಲು, ಹಾರ್ನಿನ ಗದ್ದಲ. ಅಪ್ಪ ಮಳೆಯಲ್ಲೇ ಇಳಿದು ಬಾನೆಟ್ಟಿನೊಳಗೆ ತಲೆ ಹಾಕಿದ. ಮದುಮಗ ಪಾಪ, ಜರಿಪಂಚೆ ಎತ್ತಿಕಟ್ಟಿ ಇಳಿದು ಅಪ್ಪನಿಗೆ ಕೊಡೆ ಹಿಡಿದ. "ಮುಹೂರ್ತ ಮೀರ್ತದೆ, ಎಂತ ಕಾರು ತಂದಿಯೋ ಮಾರಾಯ," ಎಂದು ಸೋದರಮಾವ ಬೈಯುತ್ತಲೇ ಇದ್ದರು. ಅಪ್ಪ ಒಳಗೆ ಬಂದು ಕೂತಾಗ ಬಲಗೈಯ ಬೆರಳುಗಳು ಕಾದ ಇಂಜಿನ್ನಿಗೆ ತಾಗಿ ಸುಟ್ಟು ಕೆಂಪಾಗಿದ್ದವು. "ಮೇಸ್ತ್ರಿ ಕೈ ಕೊಟ್ಟ," ಎಂದಷ್ಟೇ ಹೇಳಿದ.

ಮುಹೂರ್ತವೇನೋ ಸಿಕ್ಕಿತು. ಸಂಜೆ ಮನೆಯಲ್ಲಿ ಆಯಿ ಆ ಬೆರಳುಗಳಿಗೆ ತೆಂಗಿನೆಣ್ಣೆ ಹಚ್ಚುತ್ತಿರುವಾಗ ನನಗೆ ತಡೆಯಲಾಗಲಿಲ್ಲ. "ಮೇಸ್ತ್ರಿ ಫೋನ್ ಮಾಡಿದ್ರು. ನಾನೇ ಹೇಳ್ಲಿಲ್ಲ."

"ಎಂತಕ್ಕೆ ತಂಗಿ?" ಎಂದ ಅಪ್ಪ. ಮಗಳಾದ ನನ್ನನ್ನು ಅವನು ಕರೆಯುತ್ತಿದ್ದುದೇ ಹಾಗೆ.

"ನನ್ನ ಜಾಗ ಹೋಗ್ತಿತ್ತು."

ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಭಾನುವಾರ ನನ್ನನ್ನು ಭಟ್ಕಳಕ್ಕೆ ಕರೆದೊಯ್ದು ಮೇಸ್ತ್ರಿಯ ಎದುರು ನಿಲ್ಲಿಸಿದ. "ಹೇಳು," ಎಂದ. ಹೇಳಿದೆ. ಮೇಸ್ತ್ರಿ ನನ್ನನ್ನಲ್ಲ, ಅಪ್ಪನನ್ನೇ ನೋಡಿದರು. "ಅವಳು ಸಣ್ಣವಳು ಮಂಜಣ್ಣ. ನೀವು ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತು."

ಅಪ್ಪ ತಲೆ ತಗ್ಗಿಸಿ ನಿಂತ. ನನ್ನಿಂದಾಗಿ ಅಪ್ಪ ಹಾಗೆ ನಿಂತದ್ದನ್ನು ನೋಡಿ ನನಗೆ ಅಳು ಬಂತು.

ಮೇಸ್ತ್ರಿ ನನ್ನ ಕೈಗೊಂದು ಬಿಸ್ಕತ್ತು ಕೊಟ್ಟು ಕೇಳಿದರು. "ಇನ್ನೊಂದು ಗೇರ್‌ಬಾಕ್ಸ್ ಹುಡುಕ್ಬಹುದು. ಈಗ ನೀನೇ ಹೇಳು, ಯಾವುದು ಹಾಕುವ?"

ಸ್ಟೇರಿಂಗ್ ಗೇರು ಎಂದಿದ್ದರೆ ಅಪ್ಪ ಒಪ್ಪುತ್ತಿದ್ದ, ನನಗೆ ಗೊತ್ತಿತ್ತು. ಅವನ ಬೆರಳುಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು. "ಕೆಳಗಿಂದು," ಎಂದೆ.

ಹದಿನೈದು ದಿನದಲ್ಲಿ ಅದೂ ಆಯಿತು. ನೆಲ ಕೊರೆದು ಕೋಲು ಬಂತು, ಅಪ್ಪನ ಪಕ್ಕದ ಜಾಗ ಗಿರಾಕಿಗಾಯಿತು, ನಾನು ಹಿಂದಿನ ಸೀಟಿಗೆ ಹೋದೆ. ಅಪ್ಪನ ತಲೆಯ ಹಿಂಭಾಗದ ಕೂದಲು ನೆರೆಯುತ್ತಿದೆ ಎಂದು ನನಗೆ ಅಲ್ಲಿಂದಲೇ ಮೊದಲು ಕಂಡದ್ದು. ಕಾರು ಎಲ್ಲಿಯೂ ನಿಲ್ಲಲಿಲ್ಲ, ಸೇತುವೆಯನ್ನು ಸಲೀಸಾಗಿ ದಾಟಿತು. ಆದರೆ ಇಂಜಿನ್ನಿನ ಸದ್ದಿನಲ್ಲಿ ಹಿಂದಿನಿಂದ ಏನು ಹೇಳಬೇಕಿದ್ದರೂ ಕೂಗಿ ಹೇಳಬೇಕು. ಹಸಿವಾಯಿತು ಎನ್ನುವುದನ್ನು ಕೂಗಿ ಹೇಳಬಹುದು. ಶಾಲೆಯಲ್ಲಿ ಅವಮಾನವಾದದ್ದನ್ನು, ರಾತ್ರಿ ಬಿದ್ದ ಕೆಟ್ಟ ಕನಸನ್ನು ಹೇಗೆ ಕೂಗುವುದು? ಅವೆಲ್ಲ ನನ್ನಲ್ಲೇ ಉಳಿಯತೊಡಗಿದವು. ಅಪ್ಪನವೂ ಅವನಲ್ಲೇ ಉಳಿದಿರಬೇಕು.

ನಾನೀಗ ಕುಮಟೆಯಲ್ಲಿ ಟೀಚರು, ಅಪ್ಪ ನನ್ನ ಜೊತೆಗೇ ಇದ್ದಾನೆ. ನನ್ನ ಕಾರಿನಲ್ಲಿ ಕೈಯಿಂದ ಹಾಕಬೇಕಾದ ಗೇರೂ ಇಲ್ಲ, ಕಿಟಕಿ ಏರಿಸಿದರೆ ಸದ್ದೂ ಇಲ್ಲ. ಅಗಲವಾದ ಹೆದ್ದಾರಿಯಲ್ಲಿ ಅವನು ನನ್ನ ಪಕ್ಕದಲ್ಲೇ ಕೂತಿರುತ್ತಾನೆ. ಏನು ಬೇಕಾದರೂ ಮೆಲ್ಲಗೆ ಹೇಳಿಕೊಳ್ಳಬಹುದು. ನಾವು ಬಂಗಡೆಯ ರೇಟು ಮಾತಾಡುತ್ತೇವೆ, ರಸ್ತೆಯ ಕೆಲಸ ಮಾತಾಡುತ್ತೇವೆ. ಆಮೇಲೆ ಇಬ್ಬರೂ ಮುಂದೆ ನೋಡುತ್ತ ಸುಮ್ಮನಾಗುತ್ತೇವೆ. ಮೆಲ್ಲಗೆ ಮಾತಾಡುವ ಅಭ್ಯಾಸ ಇಬ್ಬರಿಗೂ ತಪ್ಪಿಹೋಗಿದೆ.