ಸಿಕ್ಕಿಸದೇ ಬಿಟ್ಟ ಕೊಂಡಿ

ಸರಪಳಿಯ ಕೊಂಡಿ ಜಾರಲಿಲ್ಲ — ನಾನು ಅದನ್ನು ಸಿಕ್ಕಿಸಿಯೇ ಇರಲಿಲ್ಲ. ಹೇಳಬೇಕಾದ ದಿನ ಹೇಳದೆ, ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡು ಬದುಕಿದೆ.

ಎಂಬತ್ತರ ದಶಕದಲ್ಲಿ ನಾನೂ ಬ್ಯಾಡಗಿಯ ಅಲ್ಲಾಬಕ್ಷನೂ ಅರಬರ ನಾಡಿನ ಒಂದು ವಿಮಾನ ನಿಲ್ದಾಣದಲ್ಲಿ ಸರಕು ಹೇರುವ ಕೆಲಸಕ್ಕಿದ್ದೆವು. ನನ್ನೂರು ಹಲಗೇರಿ. ಅಷ್ಟು ದೂರದಲ್ಲಿ ನಮ್ಮ ಕಡೆಯ ಕನ್ನಡ ಆಡಲು ನನಗೆ ಅವನು, ಅವನಿಗೆ ನಾನು.

ಆ ದಿನ ವಿಮಾನದೊಳಗೆ ದೊಡ್ಡದೊಂದು ಜನರೇಟರ್ ಏರಿಸಿದ್ದೆವು. ಆ ಕಡೆ ಇಳಿಸಲು ನಾವೂ ಜೊತೆಗೆ ಹೊರಟಿದ್ದೆವು. ಸರಪಳಿ ಆರಿಸಿ ತಂದವನು ಅವನು, ಬಿಗಿಯಬೇಕಾದವನು ನಾನು. ಬಿಸಿಲಿಗೆ ಕಬ್ಬಿಣ ಕೈ ಸುಡುತ್ತಿತ್ತು. ಸರಪಳಿ ಸುತ್ತಿದೆ, ಕೊಂಡಿಯನ್ನು ವಿಮಾನದ ನೆಲದಲ್ಲಿನ ಕಬ್ಬಿಣದ ಬಳೆಗೆ ಸಿಕ್ಕಿಸುವುದೊಂದು ಬಾಕಿ — ಇಷ್ಟು ಭಾರದ್ದು ಎಲ್ಲಿಗೆ ಹೋದೀತು ಅಂದುಕೊಂಡು ಬಿಟ್ಟೆ.

"ಬಿಗಿದೀ ಏನೋ ಈರಪ್ಪ?" ಎಂದ ಅಲ್ಲಾಬಕ್ಷ.

"ಬಿಗಿದೇನಿ, ನಡಿ."

ವಿಮಾನ ಓಟ ಹಿಡಿದಾಗ ಜನರೇಟರ್ ಬಾಲದ ಕಡೆ ಸರಿಯಿತು. ಹಾಗೇ ಮೇಲೆದ್ದಿದ್ದರೆ ಹಿಂಭಾರಕ್ಕೆ ವಿಮಾನ ಮೂತಿ ಎತ್ತಿ, ಮರುಕ್ಷಣವೇ ನೆಲಕ್ಕೆ ಅಪ್ಪಳಿಸುತ್ತಿತ್ತು. ನಾನು ಕೂತಲ್ಲೇ ಕಲ್ಲಾದೆ. ಅಲ್ಲಾಬಕ್ಷ ಬೆಲ್ಟು ಬಿಚ್ಚಿ ಓಡಿದ, ಪೈಲಟ್‌ನ ಬಾಗಿಲು ಗುದ್ದಿ "ರೋಕೋ!" ಎಂದು ಕೂಗಿದ. ಬ್ರೇಕು ಬಿತ್ತು. ಎಲ್ಲರೂ ಉಳಿದೆವು. ಆದರೆ ಅದೇ ಜನರೇಟರ್ ಮುಂದಕ್ಕೆ ನುಗ್ಗಿ ಅವನ ಬಲಗಾಲನ್ನು — ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ.

ವಿಚಾರಣೆಯಲ್ಲಿ ನಾನು, "ಕೊಂಡಿ ಸವೆದಿತ್ತು, ಜಾರಿರಬೇಕು" ಎಂದೆ. ನಂಬಿದರು. ಅಲ್ಲಾಬಕ್ಷನೂ ನಂಬಿದ. ಊರಿಗೆ ಮರಳಿ ಮೆಣಸಿನಕಾಯಿ ಚೀಲ ಹೊಲಿಯುತ್ತ ಕೂತವನನ್ನು ನೋಡಲು ಹೋದಾಗಲೆಲ್ಲ, "ಆ ಹಳೇ ಸರಪಳಿ ಆರಿಸಿದಾಂವ ನಾನ. ನಿಮ್ಮೆಲ್ಲಾರ ಜೀವಕ್ಕ ನಾನ ಸಂಚಕಾರ ತಂದಿದ್ದೆ" ಅನ್ನುತ್ತಿದ್ದ. ನಾನು ಅವನ ಮನೆಯ ಚಹಾ ಕುಡಿದು ಸುಮ್ಮನೆ ಎದ್ದು ಬರುತ್ತಿದ್ದೆ. ಕಾಲು ಹೋದದ್ದಕ್ಕಿಂತ ಹೆಚ್ಚಿನ ಅನ್ಯಾಯ ಇದು.

ಹೋದ ವಾರ ಅದೇ ಮಾತನ್ನು ಅವನು ತನ್ನ ಮಗಳಿಗೆ ಹೇಳುತ್ತಿದ್ದ, ನನ್ನೆದುರೇ. ತಡೆಯಲಾಗಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟೆ.

ಅವನು ಮಗಳನ್ನು ಒಳಗೆ ಕಳಿಸಿದ. ಆಮೇಲೆ —

"ಇಷ್ಟು ವರ್ಷ ನನ್ನ ನಾನ ಬೈಕೊಂಡೆನಲ್ಲೋ, ಈರಪ್ಪ... ಇವತ್ತ ಎದ್ದು ಹೋಗು. ಏನೂ ಮಾತಾಡಬ್ಯಾಡ. ಮುಂದಿನ ವಾರ ಬಾ."

ಎದ್ದು ಬಂದೆ. ನನ್ನ ಮದುವೆ, ಮಕ್ಕಳು, ಇಲ್ಲಿಯವರೆಗೆ ಕಂಡ ಒಂದೊಂದು ಬೆಳಗೂ ಅವನು ಕೊಟ್ಟದ್ದು. ಅದರ ಮೇಲೆ ಈಗ ಇನ್ನೂ ದೊಡ್ಡದೊಂದನ್ನು ಕೊಟ್ಟಿದ್ದಾನೆ — "ಬಾ" ಅಂದಿದ್ದಾನೆ. ನಾಳೆ ಹೋಗುತ್ತೇನೆ. ಅವನು ಏನೇ ಅಂದರೂ, ಎದುರಿಗೆ ಕೂತು ಕೇಳುತ್ತೇನೆ.