ಐನೂರ ನಲವತ್ತು ಅಂಕದ ನೀಲವ್ವ

ಕೋಟೆ ಕಡೆಯ ನವಿಲುಗಳು ಕೂಗುವ ಮೊದಲೇ ನಮ್ಮ ಓಣಿಯಲ್ಲಿ ಇನ್ನೊಂದು ಸಪ್ಪಳ ಶುರುವಾಗಿರುತ್ತದೆ. ಟಪ್, ಟಪ್, ಟಪ್. ನಡುವೆ ಅರೆಗಳಿಗೆ ಬಿಡುವು, ಅದು ರೊಟ್ಟಿಯನ್ನು ತಿರುಗಿಸಿಕೊಳ್ಳುವ ಹೊತ್ತು. ಮತ್ತೆ ಟಪ್, ಟಪ್. ನವಿಲಿಗೆ ಸರಕಾರದ ರಕ್ಷಣೆ ಇದೆ, ಬೋರ್ಡು ಇದೆ, ಕಾವಲುಗಾರನಿದ್ದಾನೆ. ನೀಲವ್ವನ ಅಂಗೈಗೆ ಅಂಥದೇನೂ ಇಲ್ಲ. ಆದರೂ ಬಂಕಾಪುರದ ಈ ತುದಿಯಲ್ಲಿ ಗಡಿಯಾರವನ್ನು ನಂಬದವರು ಆ ಸಪ್ಪಳವನ್ನು ನಂಬಿ ಏಳುತ್ತಾರೆ.

ಆಧಾರ್ ಕಾರ್ಡಿನಲ್ಲಿ ಆಕೆ ನೀಲಾಂಬಿಕಾ. ವಯಸ್ಸು ನಲವತ್ತೇಳು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅದಕ್ಕೂ ಮೊದಲಿನಿಂದ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಎದುರುಮನೆಯ ತಸ್ಲೀಮಾ ಒಲೆಯ ಮುಂದೆ ಕೂತು ಬೇಯಿಸುತ್ತಾಳೆ. ದಿನಕ್ಕೆ ಇನ್ನೂರು ರೊಟ್ಟಿ. ಅದರಲ್ಲಿ ನೂರೈವತ್ತು ಹೈವೇ ಪಕ್ಕದ ಪರಮೇಶಪ್ಪನ ಖಾನಾವಳಿಗೆ ಹೋಗುತ್ತವೆ, ಒಂದಕ್ಕೆ ಏಳು ರೂಪಾಯಿಯಂತೆ. ಎರಡು ಮನೆ ನಡೆಯುವುದು ಆ ನೂರೈವತ್ತರ ಮೇಲೆ.

ನೀಲವ್ವನಿಗೆ ಬಾರದ ವಿದ್ಯೆ ಒಂದೇ, ಇಲ್ಲ ಅನ್ನುವುದು. ನಮ್ಮ ಕಡೆ ಹೆಪ್ಪಿಗೆ ಮಜ್ಜಿಗೆ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಒಂದು ಬಟ್ಟಲು ಹಿಟ್ಟು ಕೇಳಿದರೂ ಇಲ್ಲ ಅನ್ನುವುದಿಲ್ಲ. ಈಚೆಗೆ ಅದೇ ಸಾಲಿಗೆ ಹೆಸರೂ ಸೇರಿದೆ. ಕಂತಿನ ಮೇಲೆ ಏನೋ ಕೊಳ್ಳಬೇಕಾಗಿರುತ್ತದೆ, ಹಳೆಯ ಸಾಲ ಕಟ್ಟದೆ ತನ್ನ ಹೆಸರು ಕೆಟ್ಟಿರುತ್ತದೆ. ಆಗ ಪಕ್ಕದ ಮನೆಯ ಹೆಸರನ್ನು ಕಡ ತರುತ್ತಾರೆ. ಮೈದುನ ಮಾಲತೇಶ ನೀಲವ್ವನ ಹೆಸರಿನಲ್ಲಿ ಬೈಕು ತಂದ. ನಾಲ್ಕು ಕಂತು ಕಟ್ಟಿದ ಮೇಲೆ ಬೈಕಿನ ಮೈಲೇಜು ಸರಿಯಿಲ್ಲ ಎಂಬ ತಾತ್ವಿಕ ಕಾರಣಕ್ಕೆ ಕಟ್ಟುವುದನ್ನು ನಿಲ್ಲಿಸಿದ. ಪಕ್ಕದ ಮನೆಯ ಸುಧಾರಾಣಿ ಫ್ರಿಜ್ ತಂದಳು. ಫ್ರಿಜ್ ಇನ್ನೂ ನಡೆಯುತ್ತಿದೆ, ಕಂತು ಮಾತ್ರ ನಿಂತಿದೆ. ಹಾಗೆಂದು ಸುಧಾರಾಣಿ ಉಪಕಾರ ಮರೆತವಳಲ್ಲ. ಬೇಸಿಗೆಯಲ್ಲಿ ದಿನಕ್ಕೊಂದು ಬಾಟಲಿ ತಣ್ಣೀರು ಕಳಿಸುತ್ತಾಳೆ. ಬಾಟಲಿ ಸಂಜೆಯೊಳಗೆ ವಾಪಸು ಬರಬೇಕು, ಅಷ್ಟೇ.

ಹೀಗೆ ತನಗಾಗಿ ಒಂದು ರೂಪಾಯಿಯನ್ನೂ ಸಾಲ ಮಾಡದ ನೀಲವ್ವ ಊರಿನ ದೊಡ್ಡ ಬಾಕಿದಾರರಲ್ಲಿ ಒಬ್ಬಳಾದಳು.

ಇದು ಅವಳಿಗೆ ಗೊತ್ತಾದದ್ದು ಪರಮೇಶಪ್ಪನಿಂದ. ಖಾನಾವಳಿಗೆ ಹೊಸ ಲೆಕ್ಕದವನು ಬಂದಿದ್ದ, ಎಲ್ಲ ಹಣ ಬ್ಯಾಂಕಿನ ಮೂಲಕವೇ ಹೋಗಬೇಕು ಅನ್ನುವವನು. ಅವನು ಬಂದ ಮೇಲೆ ಪರಮೇಶಪ್ಪ, ಕಂತಿಗೆಂದು ಬರೆದುಕೊಟ್ಟಿದ್ದ ನೀಲವ್ವನ ಹಳೆಯ ಖಾತೆಗೆ ಎರಡು ದಿನದ ರೊಟ್ಟಿಯ ಹಣ ಹಾಕಿ ನೋಡಿದ. ಮೊಬೈಲಿಗೆ ಬಂದ ಸಂದೇಶಗಳನ್ನು ತಸ್ಲೀಮಾ ಓದಿ ಹೇಳಿದಳು. ಹಣ ಬಂದದ್ದು ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ, ಕಂತಿನವರು ಎಳೆದುಕೊಂಡದ್ದು ಹನ್ನೊಂದು ಐದಕ್ಕೆ.

“ಹಂಚಿನ ಮ್ಯಾಲ ರೊಟ್ಟಿನರ ಇದಕ್ಕಿಂತ ಹೆಚ್ಚು ಹೊತ್ತು ಇರತೈತಿ” ಅಂದಳು ನೀಲವ್ವ.

ಕಟ್ಟಬಾರದೆಂಬ ಮನಸ್ಸು ಅವಳಿಗಿರಲಿಲ್ಲ. ಕಂತಿನವರ ಆಫೀಸಿಗೆ ಹೋಗಿ ತಿಂಗಳಿಗೆ ಇಷ್ಟು ಎಂದು ಮಾತಾಡಿಯೂ ಬಂದಳು. ಆದರೆ ಬಂದದ್ದೆಲ್ಲ ಒಂದೇ ನಿಮಿಷದಲ್ಲಿ ಹೋದರೆ ನಾಳೆಯ ಜೋಳಕ್ಕೇನು ಮಾಡುವುದು? ಅದನ್ನೇ ಪರಮೇಶಪ್ಪನಿಗೆ ಹೇಳಿ, ಮೊದಲಿನ ಹಾಗೆ ಕೈಗೇ ಕೊಡಿ ಎಂದು ಕೇಳಿದಳು.

“ಕೈಯಾಗ ಕೊಡಾಕ ಬರಂಗಿಲ್ಲ ನೀಲವ್ವ, ಲೆಕ್ಕದಾಂವ ಬೈತಾನ. ನಿನ್ನ ಹೆಸರಿಂದ ಬ್ಯಾರೆ ಖಾತೆ ತಗಿ. ಶುಕ್ರವಾರ ಸಂಜಿ ಒಳಗ ನಂಬರ್ ಕೊಡು. ಇಲ್ಲಂದ್ರ ಹುಬ್ಬಳ್ಳಿಯಿಂದ ಮಷೀನ್ ರೊಟ್ಟಿ ತರಸ್ತೇನಿ.”

“ಮಷೀನ್ ರೊಟ್ಟಿ ಮಂದಿ ತಿಂತಾರೇನ್ರಿ?”

“ಪಲ್ಯಾ ಚಲೋ ಇದ್ರ ರಟ್ಟನ್ನೂ ತಿಂತಾರ.”

ಅಂದು ಸೋಮವಾರ. ನೀಲವ್ವ ಹಿಟ್ಟಿನ ಕೈ ಒರೆಸಿಕೊಂಡು ನೇರ ಬಸ್‌ಸ್ಟ್ಯಾಂಡಿನ ಸುದೀಪನ ಅಂಗಡಿಗೆ ಹೋದಳು. ಸುದೀಪ ಮೊಬೈಲ್ ರಿಪೇರಿ ಮಾಡುತ್ತಾನೆ, ಪಹಣಿ ತೆಗೆದುಕೊಡುತ್ತಾನೆ, ಪಾಸ್‌ಪೋರ್ಟ್ ಫೋಟೋದಲ್ಲಿ ಎಲ್ಲರನ್ನೂ ಬೆಳ್ಳಗೆ ಮಾಡುತ್ತಾನೆ. ಊರಿನ ಹಣಕಾಸು ಸಲಹೆಗಾರನೂ ಅವನೇ. ಐವತ್ತು ರೂಪಾಯಿ ತೆಗೆದುಕೊಂಡು ಸಾಲ ತೀರಿಸುವವರ ಯೋಗ್ಯತೆ ಅಳೆಯುವ ಸಿಬಿಲ್‌ನಲ್ಲಿ ಅವಳ ಅಂಕ ತೆಗೆದು, ಸಾವಿನ ಸುದ್ದಿ ಹೇಳುವವನಂತೆ ಮುಖ ಮಾಡಿದ.

“ಐನೂರ ನಲವತ್ತು ಅಕ್ಕಾ.”

“ಎಷ್ಟಕ್ಕ?”

“ಒಂಬೈನೂರಕ್ಕ.”

ನೀಲವ್ವ ಕ್ಷಣ ಯೋಚಿಸಿದಳು. “ಅರವತ್ತು ಪರ್ಸೆಂಟ್ ಆತು. ಫಸ್ಟ್ ಕ್ಲಾಸ್ ಅಲ್ಲೇನೋ?”

“ಶಾಲ್ಯಾಗ ಫಸ್ಟ್ ಕ್ಲಾಸ್ ಅಕ್ಕಾ, ಇಲ್ಲಿ ನಪಾಸ್. ಈ ಮಾರ್ಕ್ಸಿಗೆ ಯಾವ ಬ್ಯಾಂಕಿನ್ಯಾಗೂ ಖಾತೆ ತಗಿಯಂಗಿಲ್ಲ.”

ಅದು ಸುಳ್ಳು. ಆದರೆ ಸುದೀಪ ಅದನ್ನು ಎಷ್ಟು ಮರುಕದಿಂದ ಹೇಳಿದನೆಂದರೆ ನೀಲವ್ವ ಮೂರು ದಿನ ನಂಬಿದಳು. ಅಂಕದ ಕಾಗದವನ್ನು ಮೂವತ್ತು ರೂಪಾಯಿ ಕೊಟ್ಟು ಲ್ಯಾಮಿನೇಟ್ ಕೂಡ ಮಾಡಿಸಿಕೊಂಡಳು. ನಂಬರಿರುವ ಸರಕಾರಿ ಕಾಗದ ನೀರು ತಾಗಿ ಹಾಳಾಗಬಾರದು ಎಂಬುದು ಅವಳ ನಿಯಮ. ಅದು ಸರಕಾರಿಯಲ್ಲ ಎಂದು ಸುದೀಪ ಹೇಳಲಿಲ್ಲ. ಮೂವತ್ತು ರೂಪಾಯಿ ಅವನದೇ ತಾನೇ.

ಆಮೇಲೆ ಅವನು ಗಾಜಿನ ಕಪಾಟಿನಿಂದ ಬಂಗಾರದ ಬಣ್ಣದ ಒಂದು ಕಾರ್ಡು ತೆಗೆದ. ಮೊದಲೇ ಹಣ ತುಂಬಿಸಿಕೊಂಡು ಬಳಸುವ ಕಾರ್ಡು. ಅಂಕ ಕೇಳುವುದಿಲ್ಲ, ಬಡವ ಶ್ರೀಮಂತ ನೋಡುವುದಿಲ್ಲ, ಹಣ ಹಾಕಲು ಅದಕ್ಕೇ ಒಂದು ನಂಬರೂ ಇದೆ ಎಂದ. ಕಾರ್ಡಿನ ಮೇಲೆ ಕೋಟು ಹಾಕಿದ ಹೆಂಗಸೊಬ್ಬಳು ಕಾರಣವಿಲ್ಲದೆ ನಗುತ್ತಿದ್ದಳು.

“ಇದಕ್ಕ ಎಷ್ಟು?”

“ಬರೇ ಎರಡನೂರ ತೊಂಬತ್ತೊಂಬತ್ತು.”

ನೀಲವ್ವ ರೂಪಾಯಿಯಲ್ಲಿ ಲೆಕ್ಕ ಹಾಕುವವಳಲ್ಲ. “ನಲವತ್ತೆರಡು ರೊಟ್ಟಿ. ಮ್ಯಾಲ ಐದು ರೂಪಾಯಿ, ಅಂದ್ರ ಇನ್ನೊಂದು ರೊಟ್ಟಿ ಮುರದಂಗ. ಆಮ್ಯಾಲ?”

“ತಿಂಗಳಾ ನಲವತ್ತೊಂಬತ್ತು.”

“ಏಳು ರೊಟ್ಟಿ.”

“ರೊಕ್ಕಾ ತಗದಾಗೊಮ್ಮೆ ಇಪ್ಪತ್ತೊಂದು.”

“ಮೂರು. ಎಷ್ಟು ರೊಕ್ಕಾ ಉಳದೈತಿ ಅಂತ ನೋಡಾಕ?”

ಸುದೀಪ ತಗ್ಗಿದ ದನಿಯಲ್ಲಿ, “ಏಳು ರೂಪಾಯಿ” ಅಂದ.

“ನನ್ನ ರೊಕ್ಕಾ ನಾನು ನೋಡಾಕ ಒಂದು ರೊಟ್ಟಿ ಕೊಡಬೇಕೇನು? ಇಡದ, ತಗೀದ ಹಂಗ ಬಿಟ್ರ?”

“ಮೂರು ತಿಂಗಳು ಬಳಸಲಿಲ್ಲಂದ್ರ ದಂಡ ಐತಿ ಅಕ್ಕಾ.”

“ತಿಂದ್ರೂ ರೊಟ್ಟಿ, ಉಪಾಸ ಇದ್ರೂ ರೊಟ್ಟಿ. ಬ್ಯಾಡೋ ಮಾರಾಯಾ, ಇದು ನನಗಿಂತ ಹೆಚ್ಚು ಉಣ್ಣತೈತಿ.”

ಹಾಗೆಂದು ಬಂದಳೇ ಹೊರತು ಬೇರೆ ದಾರಿ ಕಾಣಲಿಲ್ಲ. ಮಂಗಳವಾರ ಹೋಯಿತು, ಬುಧವಾರ ಹೋಯಿತು. ಬುಧವಾರ ಸಂಜೆ ಸುಧಾರಾಣಿ ಬಾಗಿಲಿಗೆ ಬಂದು, ಹೊಸ ಖಾತೆ ಹುಡುಕುತ್ತಿರುವ ಸುದ್ದಿ ಕೇಳಿ ಮನಸಾರೆ ಸಂತೋಷಪಟ್ಟಳು.

“ಖಾತೆ ಆತಂದ್ರ ಹೇಳವಾ. ವಾಷಿಂಗ್ ಮಷೀನಿಗೆ ಆಫರ್ ಬಂದೈತಿ. ನಿನ್ನ ಹೆಸರು ಒಂದು ಕೊಟ್ರ ಸಾಕು, ಕಂತು ನಾನ ಕಟ್ತೇನಿ.”

ನೀಲವ್ವ ಹೂಂ ಅನ್ನಲಿಲ್ಲ. ಉಹೂಂ ಅನ್ನಲು ಬಾಯಿ ತೆರೆದು, “ಚಾ ಕುಡೀತೀಯೇನು?” ಅಂದಳು.

ಗುರುವಾರ ಬೆಳಿಗ್ಗೆ, ರೊಟ್ಟಿ ಬಡಿಯುತ್ತ ಬಡಿಯುತ್ತ ಅವಳು ಸುದೀಪ ಹೇಳಿದ್ದನ್ನೆಲ್ಲ ಹೇಳಿಕೊಂಡಾಗ ತಸ್ಲೀಮಾ ಇಕ್ಕಳ ಕೆಳಗಿಟ್ಟಳು.

“ನಂದು ಝೀರೋ ಖಾತೆ ಐತಲ್ಲ ಅಕ್ಕಾ, ಶಿಗ್ಗಾಂವಿ ಬ್ಯಾಂಕಿನ್ಯಾಗ. ಒಂದು ರೂಪಾಯಿ ಇಡಲಿಲ್ಲಂದ್ರೂ ನಡೀತೈತಿ. ನನಗ ಯಾರೂ ಮಾರ್ಕ್ಸ್ ಕೇಳಲಿಲ್ಲ.”

“ಮೂರು ದಿನದಿಂದ ಒದ್ದಾಡಾಕತ್ತೇನಿ, ಈಗ ಹೇಳ್ತೀಯಲ್ಲ.”

“ನೀ ಈಗ ಹೇಳಿದಿ. ಸುದೀಪನ ಮುಂದ ಹೇಳಿದಿ, ನನ್ನ ಮುಂದ ಹೇಳಲಿಲ್ಲ.”

ಶುಕ್ರವಾರ ಹತ್ತಕ್ಕೆ ಇಬ್ಬರೂ ಶಿಗ್ಗಾಂವಿಯಲ್ಲಿದ್ದರು. ಬ್ಯಾಂಕಿನ ಗೋಡೆಯ ಮೇಲೆ, ಕನಿಷ್ಠ ಮೊತ್ತ ಬೇಡದ ಸಾದಾ ಖಾತೆ ಯಾರು ಬೇಕಾದರೂ ತೆರೆಯಬಹುದು ಎಂಬ ಫಲಕವಿತ್ತು. ಫಲಕದ ಮುಂದೆ ನೀರಿನ ಫಿಲ್ಟರ್ ಇತ್ತು. ಬಾಯಾರಿದವರಿಗಷ್ಟೇ ಅರ್ಧ ಸಾಲು ಕಾಣುತ್ತಿತ್ತು.

ನೀಲವ್ವ ಆಧಾರ್, ಎರಡು ಫೋಟೋ ಮತ್ತು ಯಾರೂ ಕೇಳದ ಲ್ಯಾಮಿನೇಟ್ ಮಾಡಿದ ಅಂಕಪಟ್ಟಿಯನ್ನು ಮ್ಯಾನೇಜರ್ ಸಾಹೇಬರ ಮುಂದಿಟ್ಟಳು. ಮುಚ್ಚಿಟ್ಟರೆ ಸುಳ್ಳು ಹೇಳಿದಂತೆ ಎಂಬುದು ಅವಳ ಇನ್ನೊಂದು ನಿಯಮ. ಸಾಹೇಬರು ಮೊದಲು ಓದಿದ್ದು ಅದನ್ನೇ.

“ಇದು ಕಷ್ಟ ಐತಿ ನೋಡ್ರಿ ಅಮ್ಮಾ. ಮೂರು ಸಾವಿರ ಇಡುವ ಖಾತೆ ತಗೀರಿ. ಜೊತಿಗೊಂದು ವಿಮಾ ಮಾಡ್ರಿ. ಅಂದ್ರ ನೋಡೋಣ.”

ತಸ್ಲೀಮಾ ಮುಂದೆ ಬಂದಳು. “ಸಾಹೇಬ್ರ, ಅಕ್ಕ ಸಾಲ ಕೇಳಾಕ ಬಂದಿಲ್ರಿ. ರೊಕ್ಕಾ ಇಡಾಕ ಬಂದಾಳ. ನಿಮ್ಮ ಕಡೆ ರೊಕ್ಕಾ ಇಡಾಕ ಎಷ್ಟು ಮಾರ್ಕ್ಸ್ ಬೇಕ್ರಿ?”

ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ಸಾಹೇಬರು ನಗಲಿಲ್ಲ. “ಹಂಗ ಫಾರ್ಮ್ ಐತಿ, ಇಲ್ಲಂತಲ್ಲ” ಎಂದು ಕೆಳಗಿನ ಡ್ರಾಯರ್ ಎಳೆದರು. ಫಾರ್ಮುಗಳು ಹೊಸದಾಗಿದ್ದವು. ಯಾರ ಕೈಯೂ ತಾಗದ ವಸ್ತುಗಳಿಗಿರುವ ಹೊಳಪು ಅವಕ್ಕಿತ್ತು.

ಆಮೇಲೆ ಬೆರಳಿನ ಯಂತ್ರ. ಬಲಗೈ ಹೆಬ್ಬೆರಳು ಇಟ್ಟರೆ ಕೆಂಪು ದೀಪ. ತೋರುಬೆರಳು, ಕೆಂಪು. ಎಷ್ಟೋ ವರ್ಷ ಬಿಸಿಹಿಟ್ಟಿನ ಮೇಲೆ ಬಡಿದ ಬೆರಳುಗಳಲ್ಲಿ ಗೆರೆ ಉಳಿದಿರಲಿಲ್ಲ. ಅವು ನದಿಯ ಕಲ್ಲಿನಂತೆ ನುಣ್ಣಗಾಗಿದ್ದವು. ಒಂದೊಂದಾಗಿ ಒಂಬತ್ತು ಬೆರಳು ಸೋತ ಮೇಲೆ ಎಡಗೈಯ ಕಿರುಬೆರಳಿಗೆ ಹಸಿರು ದೀಪ ಹತ್ತಿತು. ಕೆಲಸ ಮಾಡದ ಬೆರಳಿಗೇ ಬ್ಯಾಂಕಿನಲ್ಲಿ ಗುರುತು.

ಹನ್ನೆರಡೂವರೆಗೆ ಪಾಸ್‌ಬುಕ್ ಕೈಗೆ ಬಂತು. ತಸ್ಲೀಮಾ ಅದರ ಮೊದಲ ಪುಟದ ಫೋಟೋ ತೆಗೆದು ಪರಮೇಶಪ್ಪನಿಗೆ ಕಳಿಸಿದಳು. ಎರಡು ನಿಮಿಷದಲ್ಲಿ ಫೋನು ಬಂತು. “ಆತು. ನಾಳಿ ರೊಟ್ಟಿ ತಪ್ಪಸಬ್ಯಾಡ್ರಿ.” ನೀಲವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು, ಅಷ್ಟೇ.

ಸಾಹೇಬರು ಕೊನೆಯದಾಗಿ, ಅವಳಿಗೆ ಪಶ್ಚಾತ್ತಾಪ ಬರಲಿ ಎಂಬಂತೆ, ಖಾತೆಯ ಕೊರತೆಗಳನ್ನು ಹೇಳತೊಡಗಿದರು.

“ಚೆಕ್‌ಬುಕ್ ಸಿಗಂಗಿಲ್ಲ.”

“ಚಲೋ ಆತ್ರಿ.”

“ತಿಂಗಳಿಗೆ ನಾಕ ಸಲ ಅಷ್ಟ ರೊಕ್ಕಾ ತಗೀಬಹುದು.”

“ನಾನು ಜೋಳಾ ತರೂದ ಎರಡ ಸಲ.”

“ಇದರ ಮ್ಯಾಲ ಸಾಲ ಕೇಳಂಗಿಲ್ಲ. ನಿಮ್ಮ ಈ ಸ್ಕೋರಿಗೆ ಯಾವ ಸಾಮಾನೂ ಕಂತಿನ ಮ್ಯಾಲ ಸಿಗಂಗಿಲ್ಲ. ಮಂದಿಗೆ ಜಾಮೀನು ನಿಲ್ಲಾಕೂ ಬರಂಗಿಲ್ಲ.”

ಎದ್ದು ನಿಂತಿದ್ದ ನೀಲವ್ವ ಮತ್ತೆ ಕೂತಳು.

“ಅದನ್ನ ಬರದು ಕೊಡ್ತೀರೇನ್ರಿ?”

“ಏನನ್ನ?”

“ಈಗ ಹೇಳಿದಿರಲ್ರಿ, ಏನೂ ಬರಂಗಿಲ್ಲ ಅಂತ. ಕನ್ನಡದಾಗ ಬರೀರಿ. ಕೆಳಗ ಶಿಕ್ಕಾ ಹಾಕ್ರಿ.”

ಸಾಹೇಬರ ಇಪ್ಪತ್ತು ವರ್ಷದ ಸೇವೆಯಲ್ಲಿ ಏನು ಸಿಗುತ್ತದೆ ಎಂದು ಬರೆಸಿಕೊಂಡವರಿದ್ದರು. ಏನು ಸಿಗುವುದಿಲ್ಲ ಎಂದು ಬರೆಸಿಕೊಂಡವರು ಇರಲಿಲ್ಲ. ಇವಳು ಗೇಲಿ ಮಾಡುತ್ತಿದ್ದಾಳೋ ಎಂದು ಮುಖ ನೋಡಿದರು. ಮುಖದಲ್ಲಿ ಜೋಳದ ಹಿಟ್ಟು ಬಿಟ್ಟು ಬೇರೇನೂ ಇರಲಿಲ್ಲ. ಬರೆದರು. ಬ್ಯಾಂಕಿನ ಮುದ್ರೆ ಹೊಡೆದರು. ಎರಡನೆಯ ಸಲ ಇನ್ನೂ ಜೋರಾಗಿ ಹೊಡೆಯಲು ಅವಳೇ ಹೇಳಿದಳು.

ಬಸ್ಸಿಗೆ ಹೊತ್ತಾಗಿತ್ತು. ಕಾಗದವನ್ನು ಪಾಸ್‌ಬುಕ್ಕಿನೊಳಗಿಟ್ಟು ನೀಲವ್ವ ಮೆಟ್ಟಿಲಿಳಿದಳು. ಚಪ್ಪಲಿ ಹುಡುಕುತ್ತಿದ್ದ ತಸ್ಲೀಮಾಗೆ ಕಾಯದೆ, ಹಿಂದಿರುಗಿ ನೋಡದೆ, ಬಿಸಿಲಿನಲ್ಲಿ ಬಿರಬಿರನೆ ನಡೆಯುತ್ತಲೇ ಹೇಳುತ್ತಿದ್ದಳು: “ಮನಿ ಮುಟ್ಟಿದ ಕೂಡ್ಲೇ ಸುಧಾರಾಣಿನ್ನ ಕರದು, ಕುಂದರಿಸಿ, ಈ ಕಾಗದಾ ಮುಂದಿಟ್ಟು, ನಂದೇನೂ ಅಡ್ಡಿ ಇಲ್ಲವಾ, ನನ್ನ ಹೆಸರು ಅಂದ್ರ ನಿನ್ನ ಹೆಸರು ಇದ್ದಂಗ, ಆದ್ರ ಏನ್ ಮಾಡೂದು, ಬ್ಯಾಂಕಿನ ಸಾಹೇಬ್ರು ಇಲ್ಲ ಅಂತ ಬರದು ಕೊಟ್ಟಾರ ಅಂತೇನಿ.”